ಗೌರತ್ತೆಯ ಪದ, ನನ್ನ ಹೆಸರು

ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ನಿವೃತ್ತನಾದೆ. ತಿಪಟೂರಿನಲ್ಲಿ ಹೀಗೆಂದರೆ ಜನ ಮೊದಲು ಕೇಳುವುದು, ‘ಯಾವ ಡಿಪಾರ್ಟ್‌ಮೆಂಟಲ್ಲಿದ್ರಿ?’ ಎಂದು. ಹಿಪ್ ಹಾಪ್ ಹಾಡು ಬರೆಯುತ್ತಿದ್ದೆ, ಕಾಲೇಜುಗಳಲ್ಲಿ ಭಾಷಣ ಮಾಡುತ್ತಿದ್ದೆ ಎಂದರೆ, ‘ಓ, ಕೆಲ್ಸ ಸಿಗ್ಲಿಲ್ವಾ?’ ಎಂದು ಕನಿಕರಪಡುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ಹನ್ನೆರಡು ವರ್ಷ ಆ ಕೆಲಸ ಮಾಡಿದ ಮೇಲೆ ಅವರ ಮಾತಿನಲ್ಲಿ ತಿದ್ದುವಂಥದ್ದೇನೂ ನನಗೆ ಕಾಣುತ್ತಿಲ್ಲ.

ಈ ಕಸುಬಿನಲ್ಲಿ ವಯಸ್ಸು ಬೇರೆ ಲೆಕ್ಕದಲ್ಲಿ ಓಡುತ್ತದೆ. ಹತ್ತೊಂಬತ್ತರ ಹುಡುಗರು ನನ್ನನ್ನು ‘ಲೆಜೆಂಡ್’ ಎನ್ನತೊಡಗಿದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಅಣ್ಣ, ಮೈಕ್ ಕೆಳಗಿಡು ಎಂದು ನೇರವಾಗಿ ಹೇಳಲು ಸಂಕೋಚವಾದಾಗ ಅವರು ಬಳಸುವ ಪದ ಅದು. ಅದೇ ಹುಡುಗರು ಈಗ ದಿನಾ ಸಂದೇಶ ಕಳಿಸುತ್ತಾರೆ: ‘ಅಣ್ಣಾ, ಹೆಂಗೆ ಸುರು ಮಾಡೋದು?’ ಒಬ್ಬೊಬ್ಬರಿಗೂ ಬರೆಯುವ ತಾಳ್ಮೆ ಇಲ್ಲ, ಅದಕ್ಕೆ ಇದು. ಸನ್ಮಾನಗಳ ಪಟ್ಟಿ ಕೊಡುವುದಿಲ್ಲ. ಹೊದಿಸಿದ ಶಾಲುಗಳಲ್ಲಿ ಒಂದನ್ನು ಅಮ್ಮ ಮಿಕ್ಸಿಗೆ ಹೊದಿಸಿದ್ದಾಳೆ, ಇನ್ನೊಂದು ಕರುವಿನ ಮೇಲಿದೆ. ಎರಡೂ ಯೋಗ್ಯರಿಗೇ ಸಂದಿವೆ.

ಎಂಬತ್ತರ ಹತ್ತಿರ ಹಾಡು ಬರೆದೆ. ಜನಕ್ಕೆ ಗೊತ್ತಿರುವುದು ಒಂದೇ. ಆ ಒಂದು ನನ್ನದಲ್ಲ. ಅದನ್ನು ಕಟ್ಟಿದವಳು ನನ್ನ ಸೋದರತ್ತೆ ಗೌರಮ್ಮ. ಹಾಡಿನ ಮೇಲೆ ಇರುವುದು ನನ್ನ ಹೆಸರು. ಅವಳ ಹೆಸರು ಅವಳ ಹಾಡಿಗೆ ಹೇಗೆ ವಾಪಸು ಹೋಗಬೇಕು ಎನ್ನುವುದು ನನ್ನ ವೃತ್ತಿಯಲ್ಲಿ ಎದುರಾದ ಒಂದೇ ಒಂದು ನಿಜವಾದ ಪ್ರಶ್ನೆ. ಉಳಿದದ್ದೆಲ್ಲ ಎಲೆಯ ತುದಿಯ ಉಪ್ಪಿನಕಾಯಿ. ಆದರೂ ಬಡಿಸುತ್ತೇನೆ, ಕ್ರಮ ಎಂದು ಒಂದಿದೆಯಲ್ಲ.

ನನಗೆ ಮಾತು ಕಲಿಸಿದವರು ಹೈಸ್ಕೂಲಿನ ಶಿವಲಿಂಗಯ್ಯ ಮೇಷ್ಟ್ರು. ಚರ್ಚಾಸ್ಪರ್ಧೆಗೆ ತಯಾರು ಮಾಡುವಾಗ ಸ್ಟೀಲ್ ಲೋಟದಲ್ಲಿ ಎರಡು ಚೀಟಿ ಹಾಕಿ ಕುಲುಕುತ್ತಿದ್ದರು. ಒಂದರಲ್ಲಿ ‘ಪರ’, ಇನ್ನೊಂದರಲ್ಲಿ ‘ವಿರೋಧ’. ಒಮ್ಮೆ ನಾನು, ‘ಸಾರ್, ನನಗೆ ಅನ್ನಿಸೋದು ಬೇರೆ’ ಎಂದೆ.

‘ನಿಂಗೇನು ಅನ್ನಿಸ್ತದೆ ಅಂತ ಯಾರಪ್ಪಾ ಕೇಳಿದ್ದು? ಚೀಟಿಲಿ ಏನೈತೆ ಅದನ್ನ ಹೇಳು’ ಎಂದರು.

ಒಂದೇ ದಿನ ಬೆಳಗ್ಗೆ ತುರುವೇಕೆರೆಯಲ್ಲಿ ಮೊಬೈಲ್ ವರ ಎಂದು ವಾದಿಸಿ, ಮಧ್ಯಾಹ್ನ ಅಮ್ಮಸಂದ್ರದಲ್ಲಿ ಅದೇ ಮೊಬೈಲ್ ಶಾಪ ಎಂದು ವಾದಿಸಿ, ಎರಡೂ ಕಡೆ ಮೊದಲ ಬಹುಮಾನ ತಂದೆ. ಎರಡೂ ಕಡೆ ಕೊಟ್ಟದ್ದು ಒಂದೇ ಅಳತೆಯ ಸ್ಟೀಲ್ ಡಬ್ಬಿ. ಸತ್ಯಕ್ಕೂ ಸುಳ್ಳಿಗೂ ಒಂದೇ ಡಬ್ಬಿ ಕೊಡುತ್ತಾರೆ ಎಂದು ಹದಿನಾಲ್ಕನೆಯ ವಯಸ್ಸಿಗೆ ತಿಳಿದವನು ಮುಂದೆ ಏನಾಗಬಹುದು? ವಕೀಲನಾಗಬಹುದಿತ್ತು. ಅದಕ್ಕೆ ಓದಬೇಕು. ನಾನು ಹಾಡು ಬರೆದೆ.

ಮೊದಲ ವೇದಿಕೆ ತುರುವೇಕೆರೆಯ ಒಂದು ಗಣಪತಿ ಪೆಂಡಾಲು. ಆರ್ಕೆಸ್ಟ್ರಾದವರು ಎರಡು ಸಿನಿಮಾ ಹಾಡುಗಳ ನಡುವೆ ಐದು ನಿಮಿಷ ಕೊಟ್ಟರು. ವೇದಿಕೆಯ ಮೇಲೆ ಅತ್ತಿಂದಿತ್ತ ಓಡಾಡುತ್ತ, ಕೈ ಬೀಸುತ್ತ, ಉಸಿರು ಬಿಡದೆ ಸಮಾಜವನ್ನು ತರಾಟೆಗೆ ತೆಗೆದುಕೊಂಡೆ. ಎರಡನೇ ನಿಮಿಷಕ್ಕೆ ಮುಂದಿನ ಸಾಲಿನಿಂದ ಪೇಟೆಯ ಹಿರಿಯರೊಬ್ಬರು ಎದ್ದು ಮೇಲೆ ಬಂದರು. ನನ್ನ ಭುಜದ ಮೇಲೆ ಕೈಯಿಟ್ಟು, ಮೈಕಿಗೆ ಕೇಳುವಂತೆಯೇ ಹೇಳಿದರು: ‘ಯಾಕಪ್ಪಾ ಹಿಂಗೆ ಬೈಕೊಂಡು ಓಡಾಡ್ತೀಯ? ಯಾರು ಏನಂದ್ರು ಹೇಳು. ಕೂತ್ಕೊಂಡು ಮಾತಾಡಣ.’

ಜನ ಚಪ್ಪಾಳೆ ಹೊಡೆದರು, ಅವರಿಗೆ. ನನ್ನ ಕಸುಬಿನ ಬಗ್ಗೆ ಇಷ್ಟು ವರ್ಷದಲ್ಲಿ ಬಂದ ವಿಮರ್ಶೆಗಳಲ್ಲಿ ಆ ಒಂದು ವಾಕ್ಯವನ್ನು ಮೀರಿಸಿದ್ದು ನಾನು ಓದಿಲ್ಲ.

ಆಮೇಲೆ ಬೆಂಗಳೂರು. ಅಲ್ಲಿ ನನ್ನ ಮೇಲಧಿಕಾರಿ ಎನ್ನಬಹುದಾದವನು ವಿಕ್ಕಿ, ಹಾಡು ತಯಾರಿಸುವವನು. ಮನೆಯಲ್ಲಿಟ್ಟ ಹೆಸರು ವೀರಭದ್ರ. ಆರು ತಿಂಗಳು ಕಳೆದ ಮೇಲೆ ಅದು ಗೊತ್ತಾಯಿತು, ನನ್ನ ಮುಂದೆ ಅವನು ಅದನ್ನು ಒಪ್ಪಿಕೊಂಡದ್ದೇ ಇಲ್ಲ. ನನಗೂ ಒಂದು ಹೆಸರಿಟ್ಟ. ನಂಜುಂಡಸ್ವಾಮಿ ಎಂಬ ಹೆಸರಿನಲ್ಲಿ ಯಾರೂ ಬಂಡಾಯ ಏಳಲಾರರಂತೆ. ‘ನಿಮ್ಮ ಕಡೆ ಏನು ಫೇಮಸ್ಸು?’ ಎಂದು ಕೇಳಿದ, ತೆಂಗು ಎಂದೆ, ‘ಎಂ.ಸಿ. ಕರಟ’ ಎಂದು ನಾಮಕರಣವಾಯಿತು. ಎಂ.ಸಿ. ಎಂದರೆ ಮೈಕ್ ಹಿಡಿದು ಹಾಡುವವನಂತೆ. ಕೊಬ್ಬರಿ ತೆಗೆದ ಮೇಲೆ ಉಳಿಯುವುದು ಕರಟ ಎಂದು ನಾನು ಹೇಳಲಿಲ್ಲ. ಅವನೂ ಕೇಳಲಿಲ್ಲ.

ವಿಕ್ಕಿಗೆ ಬೇಕಿದ್ದದ್ದು ನೋವು.

‘ಲೈನ್ಸ್ ಚೆನ್ನಾಗಿದೆ ಬ್ರೋ. ಪೇನ್ ಇಲ್ಲ’ ಎನ್ನುತ್ತಿದ್ದ.

‘ಹಲ್ಲುನೋವೈತೆ.’

‘ಅದಲ್ಲ ಬ್ರೋ. ಬೀದಿ, ಹಸಿವು, ಪೊಲೀಸು.’

ಎಂಟು ಎಕರೆ ತೆಂಗಿನ ತೋಟದ ಮನೆಯಲ್ಲಿ ಮೂರು ಹೊತ್ತೂ ಬಲವಂತವಾಗಿ ಉಣ್ಣಿಸಿಕೊಂಡು ಬೆಳೆದವನು ನಾನು. ಪೊಲೀಸು ಎಂದರೆ ನನ್ನ ಚಿಕ್ಕಪ್ಪ. ಠಾಣೆಗೆ ಹೋದರೆ ಬನ್ನು ತರಿಸಿಕೊಡುತ್ತಿದ್ದರು. ಆದರೂ ಬರೆದೆ. ಚೀಟಿಯಲ್ಲಿ ‘ಹಸಿವು’ ಎಂದು ಬಂದಿತ್ತು, ಹಸಿವಿನ ಪರವಾಗಿ ಬರೆದೆ. ಹಾಡು ಕೇಳಿ ಅಮ್ಮ ಫೋನ್ ಮಾಡಿದಳು. ‘ಊರೋರೆಲ್ಲ ಏನಂದ್ಕೊಂತಾರೋ? ನಿಂಗೆ ಹೊಟ್ಟೆಗೆ ಇಟ್ಟಿಲ್ವಾ ನಾನು?’ ಆಮೇಲೆ ಒಂದು ವಾರ ಮಾತು ಬಿಟ್ಟಳು. ಅದೇ ನನ್ನ ಮೊದಲ ನಿಜವಾದ ನೋವು. ಅದಕ್ಕೆ ವಿಕ್ಕಿಯ ಹತ್ತಿರ ಬೀಟ್ ಇರಲಿಲ್ಲ.

ಸಂದರ್ಶನಗಳಲ್ಲಿ ಹೇಳುತ್ತಿದ್ದ ಇನ್ನೊಂದು ಸುಳ್ಳನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮಲ್ಲಿ ಕಾಯಿಯನ್ನು ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿಸಿ, ಆಮೇಲೆ ಇಳಿಸಿ ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿ ಬಿಡಿಸುತ್ತಾರೆ. ಹೆಂಗಸರು ಸಾಲಾಗಿ ಕೂತು ಮಚ್ಚಿನ ಹಿಂಬದಿಯಿಂದ ಚಿಪ್ಪು ಕುಟ್ಟುವ ಸದ್ದಿನಲ್ಲೇ ನಾನು ತಾಳ ಕಲಿತೆ ಎಂದು ಹೇಳಿಕೊಂಡಿದ್ದೆ. ಶುದ್ಧ ಸುಳ್ಳು. ಆ ಸದ್ದು ಶುರುವಾದರೆ ನಾನು ಕಿವಿ ಮುಚ್ಚಿಕೊಂಡು ಕ್ರಿಕೆಟ್ಟಿಗೆ ಓಡುತ್ತಿದ್ದೆ. ಆ ಸಾಲಿನಲ್ಲಿ ಕೂತು, ಕೈ ನಿಲ್ಲಿಸದೆ, ಎದುರಿಗಿದ್ದವಳ ಮೇಲೆ ನಾಲ್ಕು ಸಾಲು ಕಟ್ಟಿ ಎಲ್ಲರನ್ನೂ ನಗಿಸುತ್ತಿದ್ದವಳು ಗೌರತ್ತೆ. ಕಲಿಯಬೇಕಾಗಿದ್ದವನು ಬೌಂಡರಿ ಗೆರೆಯ ಹತ್ತಿರ ನಿಂತಿದ್ದ.

ಗೌರತ್ತೆಯನ್ನು ಕೊಟ್ಟಿದ್ದು ಚಿಕ್ಕನಾಯಕನಹಳ್ಳಿ ಕಡೆಯ ಹುಣಸೇಕಟ್ಟೆಗೆ. ಆ ಸುತ್ತಿನಲ್ಲಿ ಹೆಣ್ಣಿನ ಕಡೆಯವರು ಮದುವೆಗೆ ಮೊದಲು ಛತ್ರ ಗೊತ್ತು ಮಾಡುತ್ತಿದ್ದರು, ಆಮೇಲೆ ಅವಳನ್ನು. ಗಂಡಿನ ಕಡೆಯ ಬೀಗರು ಎಲೆಯ ಮುಂದೆ ಕೂತಾಗ ಅವರನ್ನು ಹಾಡಿನಲ್ಲಿ ಹಂಗಿಸುವುದು ವಾಡಿಕೆ. ಬೀಗರ ಪದ ಎನ್ನುತ್ತಾರೆ. ಬೈಸಿಕೊಂಡವರು ಸಿಟ್ಟಾಗುವಂತಿಲ್ಲ, ಹಾಡಿನಲ್ಲೇ ಉತ್ತರ ಕೊಡಬೇಕು. ಗೌರತ್ತೆ ಇಪ್ಪತ್ತು ವರ್ಷದ ಹಿಂದೆ ಕಟ್ಟಿದ ಒಂದು ಪದದಿಂದ ಯಾವಾಗಲೂ ಶುರು ಮಾಡುತ್ತಿದ್ದಳು. ಅದು ಅವಳ ಬಾಗಿಲು. ಒಳಗೆ ಹೋದ ಮೇಲೆ ಮುಂದೆ ಕೂತವರನ್ನು ನೋಡಿ ಹೊಸದನ್ನು ಅಲ್ಲೇ ಕಟ್ಟುತ್ತಿದ್ದಳು.

ಬಂದರು ಬಂದರು ಬೀಗರು ಬಂದರು
ಬಸ್ಸಿನ ಟಾಪಿನ ಮೇಲೆ
ಎಲೆಯೆಲ್ಲ ಬಳಿದು ಉಂಡ ಬೀಗರು
ಉಪ್ಪಿಲ್ಲ ಅಂದರು ಎದ್ದ ಮೇಲೆ

ಹೀಗೆ ಸಾಗಿ, ಕೊನೆಗೆ ತನ್ನ ಊರು, ಮನೆ, ಹೆಸರು:

ಸಿಟ್ಟು ಬಂದರೆ ಹುಡುಕಿ ಬನ್ನಿ
ಹುಣಸೇಕಟ್ಟೆ ಮುಂದಲ ಮನೆ
ಹಾಡಿದ ಬಾಯಿ ಗೌರಿಯ ಬಾಯಿ
ಬಾಗ್ಲಿಗೆ ಬಂದೋರ್ಗೆ ಮಜ್ಜಿಗೆ ತಾನೆ

ಚಿಕ್ಕವನಿದ್ದಾಗ ಇದ್ಯಾಕತ್ತೆ ಎಂದು ಕೇಳಿದ್ದೆ. ‘ಬೈದೋಳು ಎಲ್ಲವ್ಳೆ ಅಂತ ಬೈಸ್ಕೊಂಡೋನ್ಗೆ ಗೊತ್ತಿರ್ಬೇಕು ಕಣ್ಲಾ. ಇಲ್ದಿದ್ರೆ ಅದು ಪದ ಅಲ್ಲ, ಕತ್ಲಲ್ಲಿ ಕಲ್ಲು ತೂರೋದು’ ಎಂದಿದ್ದಳು.

ಬರೆಯಲು ಏನೂ ತೋಚದೆ ಒಣಗಿದ್ದ ಒಂದು ವರ್ಷ, ನಮ್ಮ ದೊಡ್ಡಪ್ಪನ ಮಗಳ ಮದುವೆಯಲ್ಲಿ ಅವಳು ಹಾಡಿದ್ದನ್ನು ಫೋನಿನಲ್ಲಿ ಹಿಡಿದುಕೊಂಡೆ. ಬೆಂಗಳೂರಿಗೆ ಹೋಗಿ ಪದವನ್ನು ಎರಡರಷ್ಟು ವೇಗಕ್ಕೆ ಏರಿಸಿದೆ. ವಿಕ್ಕಿ ಕೆಳಗೆ ತಮಟೆ ಕೂರಿಸಿದ. ಕೊನೆಯ ನಾಲ್ಕು ಸಾಲು ಬಂದಾಗ, ‘ಇದ್ಯಾರು ಬ್ರೋ ಗೌರಿ? ಅಡ್ರೆಸ್ ಯಾಕೆ? ಕಟ್ ಮಾಡಿ, ನಿಮ್ಮ ಹೆಸರು ಹಾಕಿ’ ಎಂದ. ನಾನು ಅರ್ಧ ನಿಮಿಷ ಯೋಚಿಸಿದೆ. ಅರ್ಧ ನಿಮಿಷ ಎಂದು ಬರೆದದ್ದು ನನ್ನ ಮಾನ ಉಳಿಸಿಕೊಳ್ಳಲು, ಅಷ್ಟೂ ಯೋಚಿಸಲಿಲ್ಲ. ‘ಹಾಡಿದ ಬಾಯಿ ಕರಟನ ಬಾಯಿ’ ಆಯಿತು.

ಹಾಡು ಓಡಿತು. ಛತ್ರ, ಆಟೋ, ಹೇರ್‌ಕಟಿಂಗ್ ಅಂಗಡಿ, ಎಲ್ಲ ಕಡೆ ಬೀಗರು ಬಸ್ಸಿನ ಟಾಪಿನ ಮೇಲೆ ಬಂದರು. ಒಂದು ಹಾಡು ಓಡಿದರೆ ಹಾಡಿದವನಿಗೆ ಜೀವನದ ಬಗ್ಗೆ ಎಲ್ಲ ಗೊತ್ತಿದೆ ಎಂದು ನಮ್ಮ ಕಾಲೇಜುಗಳು ನಂಬುತ್ತವೆ. ಹಾಗೆ ನಾನು ಭಾಷಣಕಾರನಾದೆ. ವಿಷಯ ಕೊಡುತ್ತಿದ್ದವರು ಅವರು; ಬಹುಪಾಲು ಸಲ ಕೊಟ್ಟದ್ದು, ನಗಬೇಡಿ, ‘ಸ್ವಂತಿಕೆ’. ಪೇಟ ಸುತ್ತಿಸಿಕೊಂಡು, ಹಣ್ಣಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡು, ‘ನಿಮ್ಮ ದನಿ ನಿಮ್ಮದೇ ಆಗಿರಲಿ’ ಎಂದು ನಲವತ್ತು ನಿಮಿಷ ಹೇಳುತ್ತಿದ್ದೆ. ಹುಡುಗಿಯರು ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಮೇಷ್ಟ್ರ ಲೋಟದ ಚೀಟಿ ಇಷ್ಟು ದೂರ ಹರಿದು ಬರುತ್ತದೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ.

ಹೊಸಬರಿಗೆ ಇಲ್ಲಿ ಒಂದು ಮಾತು. ನಾನು ಶುರು ಮಾಡಿದಾಗ ಪುಸ್ತಕದಲ್ಲಿ ಬರೆದು ಹೊಡೆದುಹಾಕುತ್ತಿದ್ದೆವು. ಆಮೇಲೆ ಫೋನಿನಲ್ಲಿ ಬರೆದು ಅಳಿಸಿದೆವು. ಈಗ ಯಂತ್ರಕ್ಕೆ ವಿಷಯ ಹೇಳಿದರೆ ಅದೇ ಪ್ರಾಸ ಕೂಡಿಸಿ ಕೊಡುತ್ತದೆ. ಎಲ್ಲಿಂದ ಎತ್ತಿತು ಎಂದು ಕೇಳಿದರೆ ಹೇಳುವುದಿಲ್ಲ. ಇದನ್ನು ದೊಡ್ಡ ಕ್ರಾಂತಿ ಎಂದು ಕೆಲವರು ಕುಣಿಯುತ್ತಾರೆ, ಅನಾಹುತ ಎಂದು ಕೆಲವರು ಎದೆ ಬಡಿದುಕೊಳ್ಳುತ್ತಾರೆ. ನಾನು ಎರಡೂ ಕಡೆ ಸೇರಲಾರೆ. ಆ ಯಂತ್ರ ಮಾಡುವುದನ್ನು ನಾನು ಕರೆಂಟಿಲ್ಲದೆಯೇ ಮಾಡಿದ್ದೇನೆ.

ನೊಣವಿನಕೆರೆಯ ಬೀಗರು ಬಂದಿದ್ದ ಒಂದು ಮದುವೆಯಲ್ಲಿ ಗೌರತ್ತೆ ಎಂದಿನಂತೆ ‘ಬಂದರು ಬಂದರು’ ಎಂದು ಬಾಗಿಲು ತೆರೆದಳಂತೆ. ಎರಡನೇ ಸಾಲಿಗೇ ಗಂಡಿನ ಕಡೆಯ ಕಾಲೇಜು ಹುಡುಗಿಯೊಬ್ಬಳು, ‘ಅಜ್ಜೀ, ಇದು ರೀಲ್ಸ್ ಹಾಡು. ಕದ್ದಿದ್ದು ಬೇಡ, ನಿಮ್ದು ಹೇಳಿ’ ಎಂದಳಂತೆ. ಮಾತಿಗೆ ಸಾಕ್ಷಿಯಾಗಿ ಫೋನಿನಲ್ಲಿ ನನ್ನ ಹಾಡು ಹಾಕಿ ಎತ್ತಿ ಹಿಡಿದಳು. ಸಾಲಿಗೆ ಸಾಲೇ ನಕ್ಕಿತು. ಇಪ್ಪತ್ತು ವರ್ಷ ಯಾವ ಬೀಗರಿಗೂ ಸೋಲದವಳು ಪದವನ್ನು ಅರ್ಧಕ್ಕೆ ಬಿಟ್ಟು ಕೂತಳು. ತನ್ನ ಪದದ ಕಳ್ಳಿ ತಾನೇ ಆಗಿದ್ದಳು.

ಎರಡು ದಿನ ಬಿಟ್ಟು ಮೊದಲ ಬಸ್ಸಿಗೆ ನಮ್ಮ ಮನೆಗೆ ಬಂದಳು. ನಾನು ಹಿಂದಿನ ದಿನವಷ್ಟೇ ಊರಿಗೆ ಬಂದಿದ್ದೆ. ಅಮ್ಮ ಕಾಫಿ ಕೊಟ್ಟಳು. ಅತ್ತೆ ಲೋಟ ಹಿಡಿದುಕೊಂಡು ಕೇಳಿದಳು:

‘ನಂಜಾ, ಆ ಪದ ಯಾರ್ದು?’

‘ನಿಂದೇ ಅತ್ತೆ. ಆದ್ರೆ…’

‘ಆದ್ರೆ ಅನ್ನೋದನ್ನ ಆಮೇಲೆ ಹೇಳು. ನಂದು ಅಂದ್ಯಲ್ಲ, ಅದನ್ನ ನಾಕು ಜನದ ಮುಂದೆ ಹೇಳು. ಅಷ್ಟೇ ಕೇಳಕ್ ಬಂದೆ. ಇನ್ನೇನೂ ಬೇಡ ನಂಗೆ.’

ಇಷ್ಟು ಸಣ್ಣ ಕೆಲಸ. ‘ಆಯ್ತತ್ತೆ’ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಯಾರಾದರೂ ಎದುರು ಕೂತು ಪ್ರಶ್ನೆ ಕೇಳಿದರೆ ನನ್ನ ತಲೆಯೊಳಗೆ ಲೋಟ ಕುಲುಕಿದ ಸದ್ದಾಗುತ್ತದೆ. ‘ವಿರೋಧ’ ಬಂತು.

‘ನೋಡತ್ತೆ, ಇದೆಲ್ಲ ಜನಪದ. ಜನಪದಕ್ಕೆ ಕರ್ತೃ ಅಂತ ಇರಲ್ಲ. ಬಾಯಿಂದ ಬಾಯಿಗೆ ಬಂದದ್ದು. ಪುಸ್ತಕದಲ್ಲೇ ಹಂಗೆ ಬರ್ದವ್ರೆ.’

‘ಯಾವ ಪುಸ್ತಕ?’

‘ಡಿಗ್ರಿಲಿ ಓದಿದ್ದು.’

‘ಆ ಪುಸ್ತಕದ ಮೇಲೆ ಬರ್ದೋನ ಹೆಸ್ರೈತಾ?’

‘ಐತೆ.’

‘ಸರಿ ಬುಡು. ಪದಕ್ಕೆ ಹೆಸ್ರಿಲ್ಲ ಅಂತ ಬರ್ದೋನ್ಗೆ ಹೆಸ್ರೈತೆ. ಕಟ್ದೋಳ್ಗಿಲ್ಲ.’

ಯಾವ ತೀರ್ಪುಗಾರನಾದರೂ ಅಲ್ಲಿಗೆ ಗಂಟೆ ಹೊಡೆಯುತ್ತಿದ್ದ. ನಾನು ನಿಲ್ಲಲಿಲ್ಲ. ಬಸ್ಸು ಅವಳದಲ್ಲ, ಬೀಗರು ಎಂಬ ಮಾತು ಅವಳದಲ್ಲ, ಉಪ್ಪು ಅವಳದಲ್ಲ, ಪ್ರಾಸ ಎಲ್ಲರದ್ದು ಎಂದು ಒಂದೊಂದೇ ಎಳೆ ಬಿಡಿಸಿ, ಕೊನೆಗೆ ಅವಳದು ಏನೂ ಉಳಿಯದಂತೆ ಮಾಡಿದೆ. ವಾದ ಗೆದ್ದೆ. ಅತ್ತೆ ಎದ್ದಳು. ಹಿತ್ತಲಿಗೆ ಹೋಗಿ ತಾನು ಕುಡಿದ ಲೋಟವನ್ನು ತೊಳೆದು ಬೋರಲು ಹಾಕಿ, ‘ಬತ್ತೀನಿ ಅತ್ಗೆ’ ಎಂದು ಅಮ್ಮನಿಗೆ ಹೇಳಿ ಹೋದಳು.

ಅವಳು ಹುಟ್ಟಿದ ಮನೆ ಅದು. ತವರಿನಲ್ಲಿ ಯಾರೂ ಕುಡಿದ ಲೋಟ ತೊಳೆದಿಟ್ಟು ಹೋಗುವುದಿಲ್ಲ. ಅಮ್ಮ ಆ ಲೋಟವನ್ನು ನೋಡಿದಳು, ನನ್ನನ್ನು ನೋಡಿದಳು. ‘ಮಾತು ಕಲ್ಸುದ್ವಿ, ತಪ್ಪಾಯ್ತು’ ಎಂದಳು.

ಅಲ್ಲಿಂದ ಒಂದು ವರ್ಷ ಗೌರತ್ತೆ ಹಾಡಲಿಲ್ಲ. ಕರೆಯಲು ಹೋದವರಿಗೆ, ‘ನಂದು ಅಂತ ಹೇಳ್ಕೊಳಕ್ಕೆ ಒಂದು ಪದಾನೂ ಇಲ್ಲ ಕಣ್ರಪ್ಪಾ, ನಮ್ಮಳಿಯನ್ನ ಕರೀರಿ’ ಎನ್ನುತ್ತಿದ್ದಳಂತೆ. ಕರೆದರು. ನಾನು ಹೋದೆ ಕೂಡ. ಆಡಿಯೋದವನು ಬಟನ್ ಒತ್ತುತ್ತಿದ್ದ, ನಾನು ಬಾಯಿ ಆಡಿಸುತ್ತಿದ್ದೆ. ಬೀಗರನ್ನು ಎಂದೂ ನೋಡದೆ ಬೀಗರನ್ನು ಬೈದ ಮೊದಲಿಗ ನಾನೇ ಇರಬೇಕು. ಒಮ್ಮೆ ‘ಬಸ್ಸಿನ ಟಾಪು’ ಎಂದು ಕೂಗುವಾಗ ಮುಂದೆ ಕೂತಿದ್ದ ಬೀಗರು ಬಂದದ್ದು ಕಾಲ್ನಡಿಗೆಯಲ್ಲಿ, ಪಕ್ಕದ ಬೀದಿಯವರು. ಯಾರೂ ನಗಲಿಲ್ಲ. ಉತ್ತರ ಕೊಡಲು ಯಾರಿಗೂ ಏನೂ ಇರಲಿಲ್ಲ. ಫೋನಿನಲ್ಲಿ ಹಿಡಿದುಕೊಂಡು, ಊಟ ಮಾಡಿದರು.

ನಿವೃತ್ತರಾಗಿದ್ದ ಶಿವಲಿಂಗಯ್ಯ ಮೇಷ್ಟ್ರು ತಿಪಟೂರಿನ ಸಂತೆಯಲ್ಲಿ ಸಿಕ್ಕಾಗ ನಡೆದದ್ದನ್ನೆಲ್ಲ ಹೇಳಿದೆ, ಸ್ವಲ್ಪ ಹೆಮ್ಮೆಯಿಂದಲೇ. ಬದನೆಕಾಯಿ ಆರಿಸುತ್ತಿದ್ದ ಕೈ ನಿಂತಿತು.

‘ಅತ್ತೆ ಜೊತೆ ವಾದ ಮಾಡಿದ್ಯಾ?’

‘ನೀವೇ ಕಲಿಸಿದ್ದು ಸಾರ್.’

‘ಸ್ಪರ್ಧೆಗೆ ಕಲಿಸಿದ್ದಪ್ಪಾ. ಮನೆಗೆ ಅಂತ ಯಾವಾಗ ಹೇಳಿದ್ದೆ? ಚೀಟಿ ನಾನು ಬರೆದು ಹಾಕ್ತಿದ್ದೆ, ನೀನು ಎತ್ತುತ್ತಿದ್ದೆ. ಇಲ್ಲಿ ಚೀಟಿ ಯಾರು ಬರ್ದಿದ್ರು?’

ಆವತ್ತು ನಿರ್ಧಾರ ಮಾಡಿದೆ, ಸಾರ್ವಜನಿಕವಾಗಿ ಹೇಳಿಬಿಡಬೇಕು ಎಂದು. ವೇದಿಕೆಗೆ ನನಗೇನು ಬರವೇ?

ಮುಂದಿನ ವಾರವೇ ಒಂದು ಕಾಲೇಜು, ಅದೇ ‘ಸ್ವಂತಿಕೆ’. ಮೈಕ್ ಹಿಡಿದವನೇ, ‘ನನಗೆ ಸ್ವಂತಿಕೆ ಇಲ್ಲ. ನನ್ನ ಪ್ರಸಿದ್ಧ ಹಾಡು ನಾನು ಬರೆದದ್ದಲ್ಲ. ನಮ್ಮತ್ತೆ ಗೌರಮ್ಮ ಕಟ್ಟಿದ ಪದ, ನಾನು ಕದ್ದೆ’ ಎಂದೆ. ಸರಿ, ಬಿದ್ದೆ, ಇನ್ನು ಕಲ್ಲು ಬರುತ್ತವೆ ಎಂದುಕೊಂಡೆ. ಬಂದದ್ದು ಚಪ್ಪಾಳೆ. ಎದ್ದು ನಿಂತು ಹೊಡೆದರು. ಪ್ರಾಂಶುಪಾಲರು ಕಣ್ಣೊರೆಸಿಕೊಂಡು ಮೈಕಿಗೆ ಬಂದು, ‘ಇಂಥ ಎತ್ತರಕ್ಕೆ ಏರಿದ ಮೇಲೂ ಎಲ್ಲವನ್ನೂ ಹಿರಿಯರ ಪಾದಕ್ಕೆ ಅರ್ಪಿಸುವ ಈ ವಿನಯ ಇದೆಯಲ್ಲ’ ಎಂದು ಹತ್ತು ನಿಮಿಷ ಮಾತಾಡಿದರು. ‘ಕದ್ದೆ’ ಎಂದದ್ದು ಅಲಂಕಾರವಂತೆ. ಅಂದು ಎರಡು ಶಾಲು ಬಂದವು.

ಇನ್ನೂ ಮೂರು ಕಡೆ ಪ್ರಯತ್ನಿಸಿದೆ. ಹೇಳಿದಷ್ಟೂ ನಾನು ದೊಡ್ಡವನಾದೆ. ಹೊಸಬರೇ, ಇದನ್ನು ಚೆನ್ನಾಗಿ ತಿಳಿದುಕೊಳ್ಳಿ: ಚೆನ್ನಾಗಿ ಮಾತಾಡಬಲ್ಲವನು ತಪ್ಪೊಪ್ಪಿಕೊಂಡರೆ ಅದೂ ಒಂದು ಪ್ರದರ್ಶನವಾಗುತ್ತದೆ. ಜನ ಒಳ್ಳೆಯ ಮಾತಿಗೆ ತಲೆದೂಗಿ ಸುದ್ದಿಯನ್ನು ಅಲ್ಲೇ ಬಿಟ್ಟು ಹೋಗುತ್ತಾರೆ.

ಕೊನೆಗೆ ಚಿಕ್ಕನಾಯಕನಹಳ್ಳಿಯಲ್ಲಿ ನನ್ನ ಚಿಕ್ಕಪ್ಪನ ಮಗಳ ಮದುವೆ. ಬೀಗರು ಅದೇ ನೊಣವಿನಕೆರೆಯವರು, ಆ ಕಾಲೇಜು ಹುಡುಗಿಯ ಮನೆತನ. ಹಾಡಲು ಒಪ್ಪಿಕೊಂಡಿದ್ದವನು ನಾನು. ಗೌರತ್ತೆ ಬಂದಿದ್ದಳು, ಆದರೆ ಛತ್ರದ ಹಿಂದಿನ ಕೋಣೆಯಲ್ಲಿ ತಾಂಬೂಲದ ಚೀಲಗಳಿಗೆ ಕಾಯಿ ತುಂಬುತ್ತ ಕೂತಿದ್ದಳು. ಬೀಗರು ಮೊದಲ ಪಂಕ್ತಿಗೆ ಕೂತರು. ನಾನು ಮೈಕ್ ಹಿಡಿದು ಐದನೇ ಸಲ ಅದೇ ಮಾತು ಹೇಳಿದೆ: ಈ ಪದ ಗೌರಮ್ಮನದು, ನನ್ನದಲ್ಲ.

ಗಂಡಿನ ಸೋದರಮಾವ, ಛತ್ರದೊಳಗೂ ಕಪ್ಪು ಕನ್ನಡಕ ತೆಗೆಯದ ಮನುಷ್ಯ, ಪಕ್ಕದವರಿಗೆ ಹೇಳಿದರು: ‘ದೊಡ್ಡ ಕಲಾವಿದ್ರು ಹಿಂಗೇ ಕಣ್ರೀ. ಮನೆ ಹೆಂಗುಸ್ರ ಹೆಸ್ರು ಹೇಳಿ ತಾವು ದೂರ ನಿಂತ್ಕೊತಾರೆ. ಸಂಸ್ಕಾರ ಅದು.’

ಕೋಣೆಯ ಬಾಗಿಲಿಗೆ ಗೌರತ್ತೆ ಬಂದು ನಿಂತಿದ್ದನ್ನು ನಾನು ನೋಡಿರಲಿಲ್ಲ. ಕೈಗೆ ಅಂಟಿದ್ದ ನಾರು ಕೊಡವಿಕೊಳ್ಳುತ್ತ ಸೀದಾ ನನ್ನ ಮುಂದೆ ಬಂದಳು.

‘ಎಷ್ಟು ಕಡೆ ಹಿಂಗೆ ಹೇಳ್ದೆ?’

‘ಐದು.’

‘ಯಾರಾರಾ ನಂಬುದ್ರಾ?’

‘ಇಲ್ಲ.’

‘ನಂಬಲ್ಲ. ನೀನು ಮಾತಾಡೋನು ಕಣ್ಲಾ, ನಿನ್ನ ಸಾಕ್ಷಿ ನಡೆಯಲ್ಲ. ಮೈಕ್ ಕೆಳಗಿಡು. ಹೋಗಿ ಬೀಗರ ಸಾಲಲ್ಲಿ ಕೂತ್ಕೊ.’

‘ನಾನ್ಯಾಕೆ? ನಾನು ಹೆಣ್ಣಿನ ಕಡೆಯೋನು.’

‘ನನ್ ಪದ ತಗೊಂಡೋಗಿ ಅವ್ರ ಫೋನಿಗೆ ಸೇರಿಸ್ದಾಗ್ಲೇ ನಿನ್ನ ಕಡೆ ಬದ್ಲಾಯ್ತು. ಕೂತ್ಕೊ.’

ಕಪ್ಪು ಕನ್ನಡಕದವರ ಪಕ್ಕ ಜಾಗ ಖಾಲಿಯಿತ್ತು. ಕೂತೆ. ನನ್ನ ಮುಂದೂ ಎಲೆ ಹಾಸಿದರು. ಗೌರತ್ತೆ ‘ಬಂದರು ಬಂದರು’ ಎನ್ನಲಿಲ್ಲ. ಒಂದು ವರ್ಷ ಸುಮ್ಮನಿದ್ದ ಬಾಯಿ, ಮೈಕಿಲ್ಲದೆ, ನೇರ ನನ್ನ ಪಕ್ಕದವರ ಮೇಲೆ ಇಳಿಯಿತು:

ಛತ್ರದ ಒಳಗೆ ಕಪ್ಪು ಕನ್ನಡಕ
ಬಿಸಿಲೆಲ್ಲಿ ಬಂತು ಮಾವಯ್ಯ
ಮೀಸೆಗೆ ಬಳಿದ ಬಣ್ಣದ ಕಪ್ಪು
ಪಾಯಸಕೆ ಇಳಿದೀತು ನೋಡಯ್ಯ

ಅವರು ಕನ್ನಡಕ ತೆಗೆದು ಎಲೆಯ ಪಕ್ಕ ಇಟ್ಟರು, ಇನ್ನೊಂದು ಕೈಯಿಂದ ಮೀಸೆ ಮುಟ್ಟಿ ನೋಡಿಕೊಂಡರು. ಪಂಕ್ತಿ ಹೊಟ್ಟೆ ಹಿಡಿದು ನಕ್ಕಿತು. ಈ ಕನ್ನಡಕ ಯಾವ ರೀಲಿನಲ್ಲೂ ಇರಲಿಲ್ಲ. ಇದನ್ನು ಕದ್ದು ತರಲು ಎಲ್ಲೂ ಅಂಗಡಿ ಇರಲಿಲ್ಲ. ನಗು ನಿಲ್ಲುವ ಮೊದಲೇ ಅತ್ತೆ ನನ್ನ ಕಡೆ ತಿರುಗಿದಳು:

ನಮ್ಮಳಿಯ ಬಲು ಮಾತಿನ ಮಲ್ಲ
ಮೈಕಿಲ್ದೆ ಕೆಮ್ಮೋನಲ್ಲ
ಅತ್ತೆಯ ಪದವ ಹೊತ್ಕೊಂಡು ಹೋದ
ಹೆಸರ್ ಯಾಕೋ ಹೊರಲಿಲ್ಲ

ಬೈಸಿಕೊಂಡವನು ತನ್ನ ಎಲೆಗೆ ಅನ್ನ ಬೀಳುವುದರೊಳಗೆ ಪದದಲ್ಲಿ ಉತ್ತರ ಹೇಳಬೇಕು. ಹೇಳಲಾಗದಿದ್ದರೆ ಎದ್ದು ಹಾಡಿದವಳಿಗೆ ಎಲೆ ಅಡಿಕೆ ಕೊಟ್ಟು, ಅವಳ ಹೆಸರು ಹೇಳಿ, ಸೋತೆ ಎನ್ನಬೇಕು. ಹಳೆಯ ಕಟ್ಟು ಅದು. ಬಡಿಸುವವನು ಸಾಲಿನ ಆ ತುದಿಯಿಂದ ಅನ್ನದ ಬಕೆಟ್ ಹಿಡಿದು ಬರುತ್ತಿದ್ದ. ಎಂಬತ್ತು ಹಾಡು ಬರೆದವನು ನಾನು. ನಾಲ್ಕು ಸಾಲು. ‘ಅತ್ತೆ’ಗೆ ಪ್ರಾಸ ಹುಡುಕಿದೆ. ‘ಕತ್ತೆ’ ಬಿಟ್ಟು ಬೇರೇನೂ ಬರಲಿಲ್ಲ. ಕೈ ತನ್ನಷ್ಟಕ್ಕೆ ಜೇಬಿಗೆ ಹೋಯಿತು.

‘ಅಣ್ಣಾ, ಫೋನ್ ನೋಡಂಗಿಲ್ಲ’ ಎಂದಳು ಎದುರು ಸಾಲಿನಿಂದ ಆ ಕಾಲೇಜು ಹುಡುಗಿ.

ಅನ್ನ ಬಿತ್ತು.

ಎದ್ದೆ. ತಾಂಬೂಲದ ತಟ್ಟೆಯಿಂದ ಎರಡು ವೀಳ್ಯದೆಲೆ, ಒಂದು ಅಡಿಕೆ ತೆಗೆದು ಅತ್ತೆಯ ಕೈಗಿಟ್ಟೆ. ಈ ಸಲ ಭಾಷಣ ಬರಲಿಲ್ಲ. ‘ಹುಣಸೇಕಟ್ಟೆ ಗೌರಮ್ಮಂಗೆ ಸೋತೆ’ ಎಂದಷ್ಟೇ ಹೇಳಿದೆ. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಯಾರೂ ವಿನಯ ಎನ್ನಲಿಲ್ಲ. ನಾನು ನಿಜವಾಗಿ ಸೋತಿದ್ದನ್ನು ಇನ್ನೂರು ಜನ ಕಣ್ಣಾರೆ ನೋಡಿದ್ದರು. ಅದರಲ್ಲಿ ಮೆಚ್ಚಲು ಏನಿದೆ? ಕನ್ನಡಕದವರು ಪಕ್ಕದವರಿಗೆ, ‘ಹಂಗಾದ್ರೆ ಆ ಹಾಡೂ ಈವಮ್ಮಂದೇ ಅನ್ನಿ’ ಎಂದರು. ಹುಡುಗಿ ತನ್ನ ಫೋನನ್ನು ಬೋರಲು ಇಟ್ಟು, ‘ಅಜ್ಜೀ, ನಮ್ಮ ಮೇಲೂ ಒಂದು ಹೇಳಿ’ ಎಂದಳು.

‘ನಿಂಗೈತೆ ತಡೀ’ ಎಂದಳು ಗೌರತ್ತೆ. ‘ನಿಂದು ಒಂದು ವರ್ಷದ್ದು ಬಾಕಿ ಐತೆ.’

ಅವತ್ತಿನ ಊಟವೇ ನನ್ನ ಬೀಳ್ಕೊಡುಗೆ. ಮಾರನೆಯ ದಿನ ಒಪ್ಪಿಕೊಂಡಿದ್ದ ಕಾರ್ಯಕ್ರಮಗಳನ್ನೆಲ್ಲ ಬಿಟ್ಟೆ. ಗೌರತ್ತೆಗೆ ಈಗ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನಿಂದ ಕರೆ ಬರುತ್ತದೆ. ಲಗ್ನದ ದಿನಗಳಲ್ಲಿ ಅವಳು ಬಿಡುವಿದ್ದಾಳೋ ಇಲ್ಲವೋ ಎಂದು ನೋಡಿ ಮುಹೂರ್ತ ಇಡಿಸುವವರೂ ಇದ್ದಾರಂತೆ. ಇದು ಅತ್ತೆಯೇ ಹೇಳಿದ್ದು, ಆದ್ದರಿಂದ ಅರ್ಧ ನಂಬುತ್ತೇನೆ.

ಆದರೆ ಛತ್ರ ಗೆದ್ದ ಮಾತ್ರಕ್ಕೆ ಲೋಕ ಗೆದ್ದಂತಲ್ಲ. ಹಾಡು ಈಗಲೂ ಓಡುತ್ತಿದೆ, ನನ್ನ ಹೆಸರಿನಲ್ಲೇ. ಅದನ್ನು ಹೊರತಂದ ಬೆಂಗಳೂರಿನ ಕಂಪನಿಗೆ ಹೆಸರು ತಿದ್ದಿ ಎಂದು ಕಾಗದ ಬರೆದೆ. ಮೂರು ತಿಂಗಳಿಗೆ ತಿದ್ದಿದರು: ‘ಸಾಹಿತ್ಯ: ಜಾನಪದ.’ ಗೌರತ್ತೆಗೆ ತೋರಿಸಿದೆ. ‘ಅದ್ಯಾರ್ಲಾ ಅವ್ಳು, ಯಾವೂರೋಳು?’ ಎಂದಳು. ಎರಡನೇ ಕಾಗದಕ್ಕೆ ‘ಕರಟ ಮತ್ತು ತಂಡ’ ಎಂದಾಯಿತು. ‘ತಂಡ ಅಂದ್ರೆ ನಾನು ಒಬ್ಳೇನಾ?’ ಎಂದು ಕೇಳಿದಳು. ಮೂರನೆಯದಕ್ಕೆ, ಅತ್ತೆಯವರು ತಮ್ಮ ಹಾಡೆಂಬುದಕ್ಕೆ ಲಿಖಿತ ದಾಖಲೆ ಒದಗಿಸಬೇಕೆಂದು ಉತ್ತರ ಬಂದಿದೆ. ಅಕ್ಷರ ಬಾರದವಳಿಂದ ಲಿಖಿತ ದಾಖಲೆ.

ನಾಲ್ಕನೆಯದನ್ನು ಮೊನ್ನೆ ಹುಣಸೇಕಟ್ಟೆಯಲ್ಲಿ ಅವಳ ಎದುರೇ ಕೂತು ಬರೆದೆ. ವಾದವಿಲ್ಲ, ಪ್ರಾಸವಿಲ್ಲ, ಪದ ಯಾರದು, ಯಾವಾಗ ಕೇಳಿದೆ, ಹೇಗೆ ಕದ್ದೆ, ಯಾವ ನಾಲ್ಕು ಸಾಲು ಕತ್ತರಿಸಿದೆ, ಇಷ್ಟೇ. ಓದಿ ಹೇಳಿದೆ. ಗೌರತ್ತೆ ಪೂರ್ತಿ ಕೇಳಿ, ‘ಹೂಂ, ಇದು ನೀನೇ ಬರ್ದಿರೋದು ಅಂತ ಗೊತ್ತಾಯ್ತದೆ’ ಎಂದಳು. ಹನ್ನೆರಡು ವರ್ಷದ ನನ್ನ ಸಾಹಿತ್ಯದಲ್ಲಿ ಪೂರ್ತಿ ನನ್ನದು ಎನ್ನಬಹುದಾದದ್ದು ಆ ಒಂದು ಹಾಳೆ. ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ್ದೇನೆ.